ಕಾವಲುಗಾರನ ಬೆನ್ನಿಗೆ ಕಳ್ಳನ ಚೀಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳು ದವಾಖಾನೆಗೆ ಬಂದರೆ ಮೊದಲು ಹೇಳುವುದು ಸೊಂಟನೋವು. ಆಮೇಲೆ ನಿಶ್ಶಕ್ತಿ. ಬಿಳಿಸೆರಗಿನ ಮಾತು, ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡ ಮಾತು ಬರುವುದು ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತುಕೊಂಡು. ಅದೂ ಜೊತೆಗೆ ಬಂದ ಗಂಡಸು ಔಷಧಿ ಚೀಟಿ ಹಿಡಿದು ಹೊರಗೆ ಹೋಗಿದ್ದರೆ ಮಾತ್ರ. ನಮ್ಮ ಕಡೆ ಗರ್ಭಕೊರಳಿನ ಕ್ಯಾನ್ಸರು ಪತ್ತೆಯಾಗುವುದು ಹೀಗೆ, ಬಾಗಿಲಲ್ಲಿ ಆಡಿದ ಒಂದು ಮಾತಿನಿಂದ. ಆ ಹೊತ್ತಿಗೆ ರೋಗ ಬಹುತೇಕ ಕೊರಳನ್ನು ದಾಟಿ ಮುಂದೆ ಹೋಗಿರುತ್ತದೆ.

ಈ ರೋಗ ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಹೊಸದಾಗಿ ಬಂದಿತೆಂದೂ, ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರೆಂದೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅಂದರೆ ಏಳು ನಿಮಿಷ ಕಳೆಯುವುದರೊಳಗೆ ಒಬ್ಬರು. ನೀವು ಈ ಲೇಖನ ಓದಿ ಮುಗಿಸುವ ಹೊತ್ತಿಗೆ ಎರಡು ಮನೆಗಳಲ್ಲಿ ಒಲೆ ಆರಿರುತ್ತದೆ. ಇಷ್ಟಾಗಿಯೂ ಎಲ್ಲ ಕ್ಯಾನ್ಸರುಗಳ ಪೈಕಿ ತಡೆಯಲು ಅತ್ಯಂತ ಸುಲಭವಾದದ್ದು ಯಾವುದೆಂದು ಕೇಳಿದರೆ ವೈದ್ಯರು ಇದನ್ನೇ ಹೇಳುತ್ತಾರೆ. ಈ ಎರಡು ಸಂಗತಿಗಳು ಒಟ್ಟಿಗೆ ನಿಜವಾಗಿರುವುದೇ ನನ್ನ ತಕರಾರು.

ಅದಕ್ಕೆ ಮೊದಲು ಸ್ವಲ್ಪ ವಿಜ್ಞಾನ ಹೇಳಬೇಕು. ಹೈಫಾ ಎಂಬ ಊರಿನ ಪ್ರಯೋಗಾಲಯದಲ್ಲಿ ಮೊಲದ ರಕ್ತದಿಂದ ಶುರುವಾದ ಒಂದು ಸಂಶೋಧನೆ ನಮ್ಮ ತಾಲ್ಲೂಕಿನ ಹೆಂಗಸಿನ ರೋಗಕ್ಕೆ ಬಂದು ಮುಟ್ಟಿದ ದಾರಿ ಕುತೂಹಲಕರವಾಗಿದೆ. ಅದು ಗೊತ್ತಾದರೆ ಲಸಿಕೆಯನ್ನು ಯಾಕೆ ಎಳೆವಯಸ್ಸಿನಲ್ಲೇ ಹಾಕಬೇಕು, ತಪಾಸಣೆಯನ್ನು ಯಾಕೆ ಏನೂ ತ್ರಾಸಿಲ್ಲದಾಗಲೇ ಮಾಡಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ದೇಹ ಪ್ರೊಟೀನುಗಳಿಂದ ಕಟ್ಟಿದ ಮನೆ. ಶಾಲೆಯಲ್ಲಿ ಸಸಾರಜನಕ ಎಂದು ಓದಿದ್ದು ಇದನ್ನೇ. ಈ ಮನೆ ಒಮ್ಮೆ ಕಟ್ಟಿ ಬಿಟ್ಟದ್ದಲ್ಲ. ಪ್ರತಿದಿನ ಒಂದು ಕಡೆ ಗೋಡೆ ಏಳುತ್ತದೆ, ಇನ್ನೊಂದು ಕಡೆ ಗೋಡೆ ಬೀಳುತ್ತದೆ. ಕೆಲವು ಪ್ರೊಟೀನುಗಳ ಆಯುಷ್ಯ ತಿಂಗಳುಗಟ್ಟಲೆ, ಕೆಲವಕ್ಕೆ ಬರೀ ಹತ್ತಿಪ್ಪತ್ತು ನಿಮಿಷ. ವಿಜ್ಞಾನಿಗಳು ಬಹಳ ಕಾಲ ಕಟ್ಟುವ ಕೆಲಸದ ಹಿಂದೆಯೇ ಬಿದ್ದಿದ್ದರು. ಕೆಡಹುವುದರಲ್ಲಿ ಏನು ವಿಶೇಷ, ಹಳೆಯದಾದರೆ ತಾನೇ ಬೀಳುತ್ತದೆ ಎಂಬ ಭಾವನೆ. ಆದರೆ 1953ರಲ್ಲಿ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಯಕೃತ್ತಿನ ತುಣುಕುಗಳಲ್ಲಿ ಪ್ರೊಟೀನು ಒಡೆಯಬೇಕಾದರೆ ಶಕ್ತಿ ಖರ್ಚಾಗುತ್ತಿತ್ತು. ಕಟ್ಟಲು ಖರ್ಚು ಬೇಕು, ಸರಿ. ಕೆಡಹಲೂ ಕಾಸು ತೆರಬೇಕೆಂದರೆ ಅಲ್ಲಿ ಯಾರೋ ಲೆಕ್ಕ ಹಾಕಿ, ಆರಿಸಿ ಕೆಡಹುತ್ತಿದ್ದಾರೆ ಎಂದಾಯಿತು.

ಯಾರು? 1970ರ ದಶಕದ ಕೊನೆಯಲ್ಲಿ ಈ ಪ್ರಶ್ನೆ ಹಿಡಿದು ಕೂತವರು ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯ ಅವ್ರಾಮ್ ಹರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಸೀಚನೋವರ್. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಇರ್ವಿನ್ ರೋಸ್ ಅವರಿಗೆ ಜೊತೆಗಾರರಾದರು. ಅವರು ಬಳಸಿದ್ದು ಮೊಲದ ಎಳೆಯ ಕೆಂಪು ರಕ್ತಕಣಗಳನ್ನು. ಆ ಕಣಗಳ ರಸವನ್ನು ಎರಡು ಪಾಲು ಮಾಡಿದರು. ಯಾವ ಪಾಲನ್ನೇ ತೆಗೆದುಕೊಂಡರೂ ಪ್ರೊಟೀನು ಒಡೆಯುವುದಿಲ್ಲ. ಎರಡನ್ನೂ ಕೂಡಿಸಿದರೆ ಒಡೆಯುತ್ತದೆ! ಒಂದು ಪಾಲಿನಲ್ಲಿ ಏನಿದೆ ಎಂದು ತಿಳಿಯಲು ಅದನ್ನು ಕಾಯಿಸಿದರು. ಸಾಮಾನ್ಯವಾಗಿ ಪ್ರೊಟೀನು ಕಾಯಿಸಿದರೆ ತತ್ತಿಯ ಬಿಳಿಯಂತೆ ಗಟ್ಟಿಯಾಗಿ ಕೆಡುತ್ತದೆ. ಇಲ್ಲಿದ್ದ ಒಂದು ಚಿಕ್ಕ ಪ್ರೊಟೀನು ಮಾತ್ರ ಕುದಿಗೂ ಜಗ್ಗಲಿಲ್ಲ. 1978ರಲ್ಲಿ ಅದರ ವರದಿ ಪ್ರಕಟವಾಯಿತು. 1980ರ ಹೊತ್ತಿಗೆ ಅದರ ಗುಟ್ಟು ಬಿಚ್ಚಿಕೊಂಡಿತು. ಕೆಡಹಬೇಕಾದ ಪ್ರೊಟೀನಿನ ಮೈಗೆ ಈ ಪುಟ್ಟ ಪ್ರೊಟೀನು ಹೋಗಿ ಅಂಟಿಕೊಳ್ಳುತ್ತದೆ, ಒಂದಲ್ಲ, ಹಲವು. ಅದೇ ಗುರುತು. ಈ ಪುಟ್ಟ ಪ್ರೊಟೀನು ಬೇರೊಬ್ಬರು 1975ರಲ್ಲೇ ಕಂಡುಹಿಡಿದು ಕೆಲಸವೇನೆಂದು ತಿಳಿಯದೆ ಬಿಟ್ಟಿದ್ದ ಯುಬಿಕ್ವಿಟಿನ್ ಎಂಬುದೂ ಅದೇ ವರ್ಷ ಖಚಿತವಾಯಿತು. ಎಲ್ಲೆಲ್ಲೂ ಇರುವಂಥದ್ದು ಎಂದು ಆ ಹೆಸರಿನ ಅರ್ಥ. ಬರೇ 76 ಅಮೈನೋ ಆಮ್ಲಗಳ ಸರ.

ಊರಲ್ಲಿ ರಸ್ತೆ ಅಗಲ ಮಾಡುವ ಕಾಲಕ್ಕೆ ನೋಡಿದ್ದೀರಲ್ಲ? ಬುಲ್ಡೋಜರು ಬರುವ ಮೊದಲು ಸರ್ವೆಯವರು ಬಂದು ಗೋಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರೆ. ಬುಲ್ಡೋಜರಿನವನಿಗೆ ಮನೆ ಯಾರದು, ಚೆನ್ನಾಗಿದೆಯೋ ಇಲ್ಲವೋ ಬೇಕಿಲ್ಲ. ಗುರುತಿದ್ದರೆ ಕೆಡಹುತ್ತಾನೆ. ಕೋಶದೊಳಗೂ ಹೀಗೆಯೇ. ಪ್ರೊಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರ ಗುರುತು ಹೊತ್ತ ಪ್ರೊಟೀನನ್ನು ಎಳೆದುಕೊಂಡು, ಸುರುಳಿ ಬಿಚ್ಚಿ, ತುಂಡು ತುಂಡು ಮಾಡುತ್ತದೆ. ಗುರುತಿನ ಚೀಟಿಗಳನ್ನು ಮಾತ್ರ ಬಿಚ್ಚಿಟ್ಟುಕೊಂಡು ಮತ್ತೆ ಬಳಸುತ್ತದೆ. ನಮ್ಮ ಪುರಸಭೆಗಳಿಗಿಂತ ಮಿತವ್ಯಯಿ. ಹಾಗಾದರೆ ನಿಜವಾದ ಅಧಿಕಾರ ಯಾರ ಕೈಯಲ್ಲಿ? ಗುರುತು ಹಾಕುವ ಗುಮಾಸ್ತನ ಕೈಯಲ್ಲಿ. ಈ ಕೆಲಸಕ್ಕೆ ಮೂರು ಬಗೆಯ ಕಿಣ್ವಗಳಿವೆ. ಮೊದಲನೆಯದು ಚೀಟಿ ಸಿದ್ಧಮಾಡುತ್ತದೆ, ಎರಡನೆಯದು ಹೊತ್ತು ತರುತ್ತದೆ, ಯಾರಿಗೆ ಅಂಟಿಸಬೇಕೆಂದು ತೀರ್ಮಾನಿಸುವುದು ಮೂರನೆಯದು. ಮನುಷ್ಯರಲ್ಲಿ ಈ ಮೂರನೆಯ ಜಾತಿಯ ಗುಮಾಸ್ತರು ಆರು ನೂರಕ್ಕೂ ಹೆಚ್ಚು. ಒಬ್ಬೊಬ್ಬನಿಗೂ ಬೇರೆ ಬೇರೆ ಕೇರಿ. ಹರ್ಷ್ಕೊ, ಸೀಚನೋವರ್ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಇರಲಿ. ಈಗ ಕಳ್ಳನ ಕಥೆಗೆ ಬರೋಣ.

ನಮ್ಮ ಪ್ರತಿ ಕೋಶದಲ್ಲೂ ಪಿ-53 ಎಂಬ ಒಬ್ಬ ಕಾವಲುಗಾರನಿದ್ದಾನೆ. 1979ರಲ್ಲಿ ಪತ್ತೆಯಾದ ಪ್ರೊಟೀನು ಇದು. ಕೋಶದ ವಂಶವಾಹಿಗೆ ಪೆಟ್ಟು ಬಿದ್ದಿದ್ದರೆ ಇವನು ಕೋಶ ವಿಭಜನೆಯನ್ನು ನಿಲ್ಲಿಸುತ್ತಾನೆ. ರಿಪೇರಿ ಆಗುವಂತಿದ್ದರೆ ಮಾಡಿಸುತ್ತಾನೆ. ಆಗದಿದ್ದರೆ ಕೋಶವೇ ಸಾಯುವಂತೆ ಆಜ್ಞೆ ಮಾಡುತ್ತಾನೆ. ಕೆಟ್ಟ ಕೋಶ ಬೆಳೆಯದಿರಲು ಇವನೇ ಕಾರಣ. ಮನುಷ್ಯರ ಕ್ಯಾನ್ಸರುಗಳ ಪೈಕಿ ಅರ್ಧದಷ್ಟರಲ್ಲಿ ಪಿ-53ರ ವಂಶವಾಹಿಯೇ ಹಾಳಾಗಿರುತ್ತದೆ. ಆದರೆ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನೋಡಿದರೆ ಹೆಚ್ಚಿನ ಪಾಲು ಆ ವಂಶವಾಹಿ ನೆಟ್ಟಗಿದೆ, ಪ್ರೊಟೀನು ತಯಾರೂ ಆಗುತ್ತಿದೆ, ಆದರೆ ಕೋಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾವಲುಗಾರನನ್ನು ದಿನಾ ನೇಮಿಸುತ್ತಾರೆ, ದಿನಾ ನಾಪತ್ತೆ!

ಈ ಕ್ಯಾನ್ಸರಿಗೆ ಕಾರಣ ಒಂದು ವೈರಸ್ಸು ಎಂದು ಪಟ್ಟುಹಿಡಿದು ತೋರಿಸಿದವರು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್. ಆಗ ಹೆಚ್ಚಿನವರ ಅನುಮಾನ ಹರ್ಪಿಸ್ ವೈರಸ್ಸಿನ ಮೇಲಿತ್ತು. ಜುರ್ ಹೌಸೆನ್ ಮಾತ್ರ ನರುಲಿ ಹುಟ್ಟಿಸುವ ಪ್ಯಾಪಿಲೋಮಾ ವೈರಸ್ಸಿನ ಬಳಗವನ್ನು ಬಿಡಲಿಲ್ಲ. 1983ರಲ್ಲಿ ಆ ಬಳಗದ 16ನೆಯ ಬಗೆಯನ್ನು, ಮರುವರ್ಷ 18ನೆಯ ಬಗೆಯನ್ನು ಅವರ ತಂಡ ಕ್ಯಾನ್ಸರು ಗಂಟುಗಳಿಂದಲೇ ಬೇರ್ಪಡಿಸಿತು. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈ ಎರಡರ ಕೆಲಸ. 2008ರಲ್ಲಿ ಅವರಿಗೂ ನೊಬೆಲ್ ಬಂತು. ಈ ವೈರಸ್ಸಿಗೆ ವೈದ್ಯರು ಎಚ್.ಪಿ.ವಿ. ಎನ್ನುತ್ತಾರೆ.

ಎರಡೂ ಸಂಶೋಧನೆಗಳು ಒಂದನ್ನೊಂದು ಕೂಡಿದ್ದು 1990ರಲ್ಲಿ. ಮಾರ್ಟಿನ್ ಶೆಫ್ನರ್, ಪೀಟರ್ ಹೌಲಿ ಮತ್ತು ಅವರ ಜೊತೆಗಾರರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ತೋರಿಸಿದ್ದು ಇದು: ವೈರಸ್ಸಿನ ಇ-6 ಎಂಬ ಪ್ರೊಟೀನು ಪಿ-53ನ್ನು ಯುಬಿಕ್ವಿಟಿನ್ ದಾರಿಯಿಂದ ನಾಶಕ್ಕೆ ಕಳಿಸುತ್ತದೆ. ವೈರಸ್ಸು ತನ್ನ ಕೈಯಿಂದ ಕಾವಲುಗಾರನನ್ನು ಕೊಲ್ಲುವುದಿಲ್ಲ. ಕೋಶದ ಆರು ನೂರು ಗುಮಾಸ್ತರಲ್ಲಿ ಒಬ್ಬನನ್ನು ಹಿಡಿದು, ಅವನ ಕೈಯಲ್ಲೇ ಪಿ-53ರ ಬೆನ್ನಿಗೆ ಚೀಟಿ ಅಂಟಿಸುತ್ತದೆ. ಉಳಿದದ್ದನ್ನು ಬುಲ್ಡೋಜರು ನೋಡಿಕೊಳ್ಳುತ್ತದೆ. 1993ರಲ್ಲಿ ಆ ಗುಮಾಸ್ತನ ಪೂರ್ತಿ ಕೆಲಸ ಗೊತ್ತಾಯಿತು. ಇ-6ರ ಜೊತೆ ಸಿಕ್ಕಿದ್ದರಿಂದ ಅವನಿಗೆ ಇ-6-ಎ.ಪಿ. ಎಂದೇ ಹೆಸರು. (ತಾಯಿಯಿಂದ ಬಂದ ಈ ಗುಮಾಸ್ತನ ವಂಶವಾಹಿ ಇಲ್ಲದೆ ಹುಟ್ಟಿದ ಮಕ್ಕಳಿಗೆ ಏಂಜಲ್‌ಮನ್ ಎಂಬ ಬೇರೆಯೇ ರೋಗ ಬರುತ್ತದೆ, ಮಾತು ಬರುವುದಿಲ್ಲ, ನಡಿಗೆ ತಡವರಿಸುತ್ತದೆ. ಅಂದರೆ ಅವನು ಕೆಟ್ಟವನಲ್ಲ, ದೇಹಕ್ಕೆ ಬೇಕಾದವನೇ.) ವೈರಸ್ಸಿನ ಇ-7 ಎಂಬ ಇನ್ನೊಂದು ಪ್ರೊಟೀನು ಎರಡನೆಯ ಕಾವಲುಗಾರನನ್ನು ಮಲಗಿಸುತ್ತದೆ.

ಇದು ದೂರದ ದೇಶದ ಕಥೆ ಎಂದು ತಿಳಿಯಬೇಡಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಸುಧೀರ್ ಕೃಷ್ಣ ಅವರ ತಂಡ ಗರ್ಭಕೊರಳಿನ ಕ್ಯಾನ್ಸರನ್ನೇ ಹಿಡಿದು ಕೆಲಸ ಮಾಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಜೊತೆ 2003ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಇ-6, ಇ-7 ಇದ್ದ ಕೋಶದಲ್ಲಿ ನಾಚ್ ಎಂಬ ಇನ್ನೊಂದು ಸಂಕೇತವೂ ಚುರುಕಾದರೆ ಅಳಿದುಳಿದ ಪಿ-53ರ ಆಜ್ಞೆಯೂ ನಡೆಯದಂತಾಗುತ್ತದೆ ಎಂದು ತೋರಿಸಿದರು. ಅದೇ ಕೇಂದ್ರದಲ್ಲಿ ರಣಬೀರ್ ದಾಸ್ ಯುಬಿಕ್ವಿಟಿನ್ನಿನ ಆಕಾರ, ಅದು ಅಂಟುವ ಬಗೆ ಇವುಗಳನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ರವಿ ಮಂಜಿತ್ತಾಯ ಕೋಶ ತನ್ನ ಕಸವನ್ನು ತಾನೇ ತಿಂದು ಜೀರ್ಣಿಸುವ ಇನ್ನೊಂದು ದಾರಿಯನ್ನು ಯೀಸ್ಟಿನಲ್ಲಿ ನೋಡುತ್ತ, ಪಾರ್ಕಿನ್ಸನ್ ರೋಗಕ್ಕೆ ಅದರಿಂದ ಏನಾದರೂ ಉಪಯೋಗವಾದೀತೇ ಎಂದು ಹುಡುಕುತ್ತಿದ್ದಾರೆ. ನಮ್ಮ ಮಕ್ಕಳು ಪಿ.ಯು.ಸಿ. ವಿಜ್ಞಾನ ಓದಿದರೆ ನೀಟ್ ಪರೀಕ್ಷೆ ಬಿಟ್ಟು ಬೇರೆ ದಾರಿಯೇ ಇಲ್ಲ ಎಂದು ಕೊರಗುವ ತಂದೆ-ತಾಯಿಗಳು ಈ ಹೆಸರುಗಳನ್ನು ಗುರುತು ಹಾಕಿಟ್ಟುಕೊಳ್ಳಲಿ.

ಈ ಜ್ಞಾನದಿಂದ ಔಷಧಿ ಬಂತೇ ಎಂದು ಕೇಳುತ್ತೀರಿ. ಒಂದು ಕಡೆ ಬಂತು. ಪ್ರೊಟಿಯಾಸೋಮ್ ಯಂತ್ರವನ್ನೇ ತಡೆಯುವ ಬೋರ್ಟೆಝೊಮಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಸಿಕ್ಕಿತು. ಮೂಳೆಮಜ್ಜೆಯ ಮೈಲೋಮಾ ಎಂಬ ಕ್ಯಾನ್ಸರಿಗೆ ಇಂದು ನಮ್ಮ ದೇಶದಲ್ಲೂ ಕೊಡುತ್ತಾರೆ. ಆದರೆ ಇ-6ರ ಕೈ ಹಿಡಿದು ನಿಲ್ಲಿಸುವ ಔಷಧಿ ರೋಗಿಯ ಹಾಸಿಗೆಯ ತನಕ ಬಂದಿಲ್ಲ. ಪ್ರಯೋಗಾಲಯದ ಬಟ್ಟಲಿನಲ್ಲಿ ಇ-6ನ್ನು ಅಡಗಿಸಿದರೆ ಪಿ-53 ಮತ್ತೆ ಕಾಣಿಸಿಕೊಳ್ಳುತ್ತದೆ, ಕ್ಯಾನ್ಸರು ಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆ. ಬಟ್ಟಲಿನಿಂದ ಹೆಂಗಸಿನ ದೇಹಕ್ಕೆ ಇರುವ ದೂರ ಬಹಳ.

ಆದ್ದರಿಂದ ಸದ್ಯಕ್ಕೆ ನಮಗಿರುವ ಉಪಾಯ ಎರಡೇ. ಕಳ್ಳನನ್ನು ಒಳಗೆ ಬಿಡದಿರುವುದು. ಬಿಟ್ಟಿದ್ದರೆ, ಅವನು ಮನೆ ಹಾಳು ಮಾಡುವ ಮೊದಲು ಹಿಡಿಯುವುದು. ಸಮಾಧಾನದ ಸಂಗತಿಯೆಂದರೆ ಈ ಕಳ್ಳ ಬಹಳ ನಿಧಾನಿ. ವೈರಸ್ಸು ತಗಲಿದ ಹೆಂಗಸರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಗೆ ಹಾಕುತ್ತದೆ. ಕೆಲವರಲ್ಲಿ ಉಳಿದುಕೊಳ್ಳುತ್ತದೆ. ಹಾಗೆ ಉಳಿದದ್ದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಇಷ್ಟು ಉದ್ದ ವಾಯಿದೆ ಕೊಡುವ ಕ್ಯಾನ್ಸರು ಇನ್ನೊಂದು ಸಿಗುವುದು ಕಷ್ಟ.

ವಾಯಿದೆ ದಾಟಿದ ಮೇಲಿನ ಮಾತೇ ಬೇರೆ. ರೋಗ ಮುಂದುವರಿದ ಮೇಲೆ ಶಸ್ತ್ರಕ್ರಿಯೆ ನಡೆಯುವುದಿಲ್ಲ. ವಿಕಿರಣ ಚಿಕಿತ್ಸೆ ಕೊಡಬೇಕು. ಐದು ವಾರದಷ್ಟು, ವಾರದಲ್ಲಿ ಐದು ದಿನ, ಜೊತೆಗೆ ವಾರಕ್ಕೊಮ್ಮೆ ಔಷಧಿ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ. ಅದಕ್ಕಾಗಿ ಸೊಲ್ಲಾಪುರಕ್ಕೋ ಬಾರ್ಶಿಗೋ ಮೀರಜಿಗೋ ಹುಬ್ಬಳ್ಳಿಯ ನವನಗರಕ್ಕೋ ಕಲಬುರಗಿಗೋ ಹೋಗಿ ಇರಬೇಕು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಕ್ಕೆ ಐದಾರು ವಾರ ಎಂದರೆ ಇಡೀ ಸುಗ್ಗಿ. ಸರಕಾರದ ಕಾರ್ಡು ಚಿಕಿತ್ಸೆಯ ಖರ್ಚು ಭರಿಸಬಹುದು, ಜೊತೆಗಿರುವವನ ಕೂಲಿಯನ್ನು ಭರಿಸುವುದಿಲ್ಲ. ಮೂರನೆಯ ವಾರಕ್ಕೆ ರಕ್ತ ನಿಂತು 'ಆರಾಮಾತು' ಎಂದು ಊರಿಗೆ ತಿರುಗಿ ಬಂದು, ವರ್ಷದೊಳಗೆ ಮತ್ತೆ ಹಾಸಿಗೆ ಹಿಡಿದವರನ್ನು ನಮ್ಮ ಕಡೆಯ ವೈದ್ಯರೆಲ್ಲ ನೋಡಿರುತ್ತಾರೆ.

ಈಗ ಲಸಿಕೆಯ ಮಾತು. ವೈರಸ್ಸು ಹರಡುವುದು ದಾಂಪತ್ಯದ ಸಂಪರ್ಕದಿಂದ. ಲಸಿಕೆ ಅದನ್ನು ಬಾಗಿಲಲ್ಲೇ ತಡೆಯುತ್ತದೆ, ಒಳಗೆ ಸೇರಿಕೊಂಡ ಮೇಲೆ ಓಡಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕೇ 9ರಿಂದ 14ರ ವಯಸ್ಸು. 'ಇಷ್ಟು ಸಣ್ಣ ಹುಡುಗಿಗೆ ಇಂಥ ಲಸಿಕೆ ಯಾಕೆ' ಎಂದು ಮುಖ ಸಿಂಡರಿಸುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಜಿಲ್ಲೆಯಲ್ಲಿ ಹದಿನೆಂಟು ತುಂಬುವ ಮೊದಲೇ ಹುಡುಗಿಯರ ಮದುವೆ ಮಾಡುವುದು ಇನ್ನೂ ನಿಂತಿಲ್ಲ. ಮದುವೆಗೆ ದೊಡ್ಡವಳಾದವಳು ಸೂಜಿಗೆ ಸಣ್ಣವಳಾಗುವುದು ಯಾವ ನ್ಯಾಯ?

ಲಸಿಕೆಯ ಫಲ ಕಾಗದದ ಮೇಲಿನದಲ್ಲ. ಸ್ವೀಡನ್ನಿನಲ್ಲಿ ಹದಿನೇಳರ ಒಳಗೆ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರು ನೂರಕ್ಕೆ 88ರಷ್ಟು ಕಡಿಮೆಯಾದದ್ದು 2020ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿನಲ್ಲಿ 12-13ನೆಯ ವಯಸ್ಸಿಗೆ ಲಸಿಕೆ ಪಡೆದವರಲ್ಲಿ ಒಂದೂ ಪ್ರಕರಣ ಕಂಡಿಲ್ಲ ಎಂದು 2024ರಲ್ಲಿ ವರದಿಯಾಯಿತು. ನಮ್ಮ ದೇಶದಲ್ಲೇ 2018ರಲ್ಲಿ ಸಿಕ್ಕಿಂ ರಾಜ್ಯ ತನ್ನ ಶಾಲೆಗಳ ಮೂಲಕ ನೂರಕ್ಕೆ 95ಕ್ಕಿಂತ ಹೆಚ್ಚು ಹುಡುಗಿಯರಿಗೆ ಹಾಕಿ ಮುಗಿಸಿತು. ಬೆಟ್ಟ ಹತ್ತಿ ಹೋಗಿ ಹಾಕಿದವರಿಗೆ ಆದದ್ದು ಬಯಲುಸೀಮೆಯಲ್ಲಿ ಆಗದೇ?

ಆದರೆ ಅನುಮಾನ ಪಡುವವರನ್ನು ಮೂಢರೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೊಂದು ಕಾರಣವಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸುಮಾರು 24 ಸಾವಿರ ಹುಡುಗಿಯರಿಗೆ ಈ ಲಸಿಕೆಯನ್ನು ಪ್ರಾಯೋಗಿಕ ಯೋಜನೆಯೊಂದರಲ್ಲಿ ಹಾಕಿದರು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಹಾವು ಕಡಿತ, ಬಾವಿಗೆ ಬಿದ್ದದ್ದು, ವಿಷ ಸೇವನೆ ಇಂಥ ಕಾರಣಗಳು ಹೊರಬಿದ್ದವು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಆದರೆ ಅನುಮತಿ ಪಡೆದ ರೀತಿ ಮಾತ್ರ ನಾಚಿಕೆಗೇಡಾಗಿತ್ತು. ತಂದೆ-ತಾಯಿಯ ಬದಲು ವಸತಿ ಶಾಲೆಯ ವಾರ್ಡನ್ನರು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಲಸಿಕೆ ಒಳ್ಳೆಯದಿದ್ದರೆ ಕೇಳದೆ ಹಾಕಬಹುದು ಎಂಬ ದರ್ಪ ಒಂದು ಒಳ್ಳೆಯ ಲಸಿಕೆಯನ್ನು ಹತ್ತು ವರ್ಷಕ್ಕೂ ಮೇಲೆ ಹಿಂದಕ್ಕೆ ತಳ್ಳಿತು.

ಈ ಗದ್ದಲದಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಇನ್ನೊಂದು ಅಧ್ಯಯನ ದೇಶದ ಒಂಬತ್ತು ಕಡೆ ಅದೇ ಕಾಲಕ್ಕೆ ನಡೆಯುತ್ತಿತ್ತು, ಹದಿನೇಳು ಸಾವಿರಕ್ಕೂ ಹೆಚ್ಚು ಹುಡುಗಿಯರಿದ್ದರು. ಎರಡು ಡೋಸು ಸಾಕೋ ಮೂರು ಬೇಕೋ ಎಂದು ನೋಡುವುದು ಅದರ ಉದ್ದೇಶ. ಸರಕಾರ ಎಲ್ಲವನ್ನೂ ನಿಲ್ಲಿಸಿದಾಗ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸು ಆಗಿತ್ತು. ಹತ್ತು ವರ್ಷ ಅವರ ಬೆನ್ನುಹತ್ತಿ ನೋಡಿದರೆ, 16 ಮತ್ತು 18ನೆಯ ಬಗೆಯ ವೈರಸ್ಸು ಬೇರೂರದಂತೆ ಆ ಒಂದೇ ಡೋಸು ನೂರಕ್ಕೆ 95ರಷ್ಟು ರಕ್ಷಣೆ ಕೊಟ್ಟಿತ್ತು! 2021ರಲ್ಲಿ ಪ್ರಕಟವಾದ ಈ ಫಲಿತಾಂಶವೂ ಸೇರಿ, ಒಂದು ಡೋಸೂ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿತು. ಆ ಒಂಬತ್ತು ಕಡೆಗಳಲ್ಲಿ ಒಂದು ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಇಂಡಿ ಸೀಮೆಯಿಂದ ಭೀಮೆ ದಾಟಿದರೆ ಅದೇ ಜಿಲ್ಲೆ. ಜಗತ್ತಿಗೆ ಪಾಠ ಕೊಟ್ಟದ್ದು ನಮ್ಮ ಬೀಗರ ಊರಿನ ಹುಡುಗಿಯರು.

ತಪಾಸಣೆಯ ಪಾಠವೂ ಅಲ್ಲಿಂದಲೇ ಬಂತು. ಸೊಲ್ಲಾಪುರಕ್ಕೆ ಹತ್ತಿಕೊಂಡ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 1 ಲಕ್ಷ 31 ಸಾವಿರ ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಯಿತು. 30ರಿಂದ 59 ವಯಸ್ಸಿನವರಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2009ರಲ್ಲಿ ಪ್ರಕಟವಾದ ಈ ಕೆಲಸವನ್ನು ಜಗತ್ತೆಲ್ಲ ಉದಾಹರಿಸುತ್ತದೆ. ಅಗ್ಗದ ಇನ್ನೊಂದು ವಿಧಾನವಿದೆ: ಕೊರಳಿಗೆ ತೆಳು ವಿನೆಗರಿನಂಥ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುವುದು. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಉಸ್ಮಾನಾಬಾದಿನಲ್ಲಿ ಇದರಿಂದ ಸಾವು ಇಳಿದದ್ದು ಸ್ಪಷ್ಟವಾಗಿ ಕಾಣಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಮಾಡಿಸಿದಾಗ ಸಾವು ನೂರಕ್ಕೆ 31ರಷ್ಟು ಇಳಿಯಿತು. ಮಾಡುವವರ ಕೈ, ಕಣ್ಣು, ಮತ್ತೆ ಮತ್ತೆ ಮಾಡುವ ಶಿಸ್ತು ಇವುಗಳ ಮೇಲೆ ಅದು ನಿಂತಿದೆ ಎಂದು ನಾನು ತಿಳಿಯುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇಲ್ಲ. ಕಾರ್ಯಕ್ರಮ ಕಾಗದದಲ್ಲಿ ಇದೆ. 30 ದಾಟಿದ ಪ್ರತಿ ಹೆಂಗಸಿಗೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಮಾಡಬೇಕೆಂದು 2016ರ ಮಾರ್ಗದರ್ಶಿಯೇ ಹೇಳುತ್ತದೆ. ಹಾಗಾದರೆ ಎಲ್ಲಿ ತಡೆಯುತ್ತಿದೆ? ನನ್ನ ಅಭಿಪ್ರಾಯದಲ್ಲಿ ತಡೆಯುತ್ತಿರುವುದು ಔಷಧಿಯ ಕೊರತೆ ಅಲ್ಲ, ಪರದೆಯ ಕೊರತೆ. ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ, ಒಂದು ಮೇಜು, ಒಂದು ದೀಪ, ಒಬ್ಬ ಹೆಣ್ಣು ದಾದಿ ಇಷ್ಟು ಇದ್ದರೆ ಹೆಂಗಸರು ಬರುತ್ತಾರೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು, ಇದಕ್ಕೆಂದೇ ಗೊತ್ತುಮಾಡಬೇಕು. ಸಂತೆಗೆ ಬಂದವಳು ಯಾರಿಗೂ ಕಾರಣ ಹೇಳದೆ ಆಸ್ಪತ್ರೆಗೂ ಹೋಗಿ ಬರಬಹುದು. ಈಚೆಗೆ ಹೆಂಗಸು ತಾನೇ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಕೊಡುವ ಎಚ್.ಪಿ.ವಿ. ಪರೀಕ್ಷೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ನಾಚಿಕೆಯ ನೆಪಕ್ಕೆ ಅದೇ ಮದ್ದು. ನಮ್ಮ ಜಿಲ್ಲಾಡಳಿತ ಅದರ ಬಗ್ಗೆ ಯೋಚಿಸಲಿ.

ತಪಾಸಣೆ ಇಲ್ಲದ ಕಡೆ ಭಯ ವ್ಯಾಪಾರವಾಗುತ್ತದೆ. 'ಬಿಳಿ ಹೋಗುತ್ತದೆ' ಎಂದು ಬಂದವಳಿಗೆ 'ಚೀಲ ತೆಗೆಸದಿದ್ದರೆ ಕ್ಯಾನ್ಸರಾಗುತ್ತದೆ' ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆಯುವುದು ಉತ್ತರ ಕರ್ನಾಟಕದಲ್ಲಿ ಹೊಸದಲ್ಲ. ಸಿಂದಗಿಯ ನೆರೆಯ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಇಂಥ ಪ್ರಕರಣಗಳು ಬಯಲಿಗೆ ಬಂದು ತನಿಖೆ ನಡೆಯಿತು; ಹೊಟ್ಟೆ ಕೊಯ್ಸಿಕೊಂಡವರಲ್ಲಿ ಬಹಳ ಮಂದಿ ತಾಂಡಾದ ಬಡ ಹೆಂಗಸರು. ಬಿಳಿಸೆರಗು ಹೆಚ್ಚಾಗಿ ಸಾಮಾನ್ಯ ಸೋಂಕು, ಗುಳಿಗೆಯಿಂದ ಹೋಗುತ್ತದೆ. ಗರ್ಭಕೊರಳಿನಲ್ಲಿ ಕ್ಯಾನ್ಸರಿನ ಪೂರ್ವಚಿಹ್ನೆ ನಿಜವಾಗಿ ಕಂಡರೂ ಹೆಚ್ಚಿನವರಿಗೆ ಆ ಜಾಗವನ್ನಷ್ಟೇ ತಂಪಿನಿಂದಲೋ ಬಿಸಿಯಿಂದಲೋ ಸುಟ್ಟು ತೆಗೆದರೆ ಸಾಕು. ಹತ್ತು ನಿಮಿಷದ ಕೆಲಸ. ಅದೇ ದಿನ ಮನೆಗೆ ಹೋಗಿ ರೊಟ್ಟಿ ಬಡಿಯಬಹುದು. ಯಾರಾದರೂ ಚೀಲ ತೆಗೆಸೆಂದರೆ 'ಪರೀಕ್ಷೆಯ ಚೀಟಿ ತೋರಿಸಿರಿ' ಎಂದು ಕೇಳಿ, ಇನ್ನೊಬ್ಬ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. 9ರಿಂದ 14ರ ಹುಡುಗಿಯಿದ್ದರೆ ಸರಕಾರದ ವತಿಯಿಂದ ಯಾವ ವಯಸ್ಸಿನವರಿಗೆ ಲಸಿಕೆ ಸಿಗುತ್ತದೆಂದು ಆಶಾ ಕಾರ್ಯಕರ್ತೆಯನ್ನೋ ಶಾಲೆಯ ಮುಖ್ಯೋಪಾಧ್ಯಾಯರನ್ನೋ ಕೇಳಿ, ಅನುಮತಿ ಪತ್ರವನ್ನು ಓದಿ ನೀವೇ ಸಹಿ ಹಾಕಿ. ಖಾಸಗಿಯಾಗಿ ಹಾಕಿಸುವುದಾದರೆ, ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎಂಬ ದೇಶೀ ಲಸಿಕೆ 2023ರಲ್ಲಿ ಬಿಡುಗಡೆಯಾಗಿದೆ. ಆಗ ಡೋಸಿಗೆ ಎರಡು ಸಾವಿರ ರೂಪಾಯಿ ಇತ್ತು. ಎಷ್ಟು ಡೋಸೆಂಬುದು ವಯಸ್ಸನ್ನು ನೋಡಿ ವೈದ್ಯರು ಹೇಳುತ್ತಾರೆ. 30 ದಾಟಿದ ಹೆಂಗಸರು ಏನೂ ತ್ರಾಸಿಲ್ಲದಿದ್ದರೂ ಮುಟ್ಟಿಲ್ಲದ ದಿನ ನೋಡಿ ಒಮ್ಮೆ ತಪಾಸಣೆ ಮಾಡಿಸಬೇಕು. ಲಸಿಕೆ ಹಾಕಿಸಿಕೊಂಡ ಹುಡುಗಿಯೂ ಮುಂದೆ ಆ ವಯಸ್ಸಿಗೆ ಬಂದಾಗ ಮಾಡಿಸಲೇಬೇಕು, ಏಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ. ದಾಂಪತ್ಯದ ಸಂಪರ್ಕದ ನಂತರ ರಕ್ತ, ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ದುರ್ನಾತದ ಬಿಳಿಸೆರಗು ಇವುಗಳಲ್ಲಿ ಯಾವುದೊಂದು ಇದ್ದರೂ ತಪಾಸಣೆಯ ದಿನಕ್ಕೆ ಕಾಯದೆ ಆ ವಾರವೇ ತೋರಿಸಬೇಕು. ದವಾಖಾನೆಯಲ್ಲಿ ಸೊಂಟನೋವಿಗಿಂತ ಮೊದಲು ಅದನ್ನೇ ಹೇಳಿ.

ಗಂಡಸರಿಗೆ ಇದರಲ್ಲಿ ಏನು ಸಂಬಂಧ ಎಂದು ಕೇಳುವವರಿದ್ದಾರೆ. ವೈರಸ್ಸನ್ನು ಹೊತ್ತು ತರುವವರು ಬಹುಮಟ್ಟಿಗೆ ಅವರೇ, ಅದೂ ತಮಗೆ ಗೊತ್ತಿಲ್ಲದಂತೆ, ಯಾವ ಚಿಹ್ನೆಯೂ ಇಲ್ಲದಂತೆ. ಆದ್ದರಿಂದ ಹೆಂಡತಿಯ ಚೀಟಿಯಲ್ಲಿ ಈ ವೈರಸ್ಸಿನ ಹೆಸರು ಕಂಡರೆ ಅವಳ ನಡತೆಯನ್ನು ಸಂಶಯಿಸುವುದು ಅನ್ಯಾಯ. ವರ್ಷಗಟ್ಟಲೆ ಹಿಂದೆ ಬಂದು ಸುಮ್ಮನಿದ್ದದ್ದು ಈಗ ಕಂಡಿರಬಹುದು. ಗಂಡಸರ ಗಂಟಲಿಗೂ ಜನನಾಂಗಕ್ಕೂ ಇದೇ ವೈರಸ್ಸು ಕ್ಯಾನ್ಸರು ತರಬಲ್ಲದು. ಆಸ್ಟ್ರೇಲಿಯಾದಲ್ಲಿ 2013ರಿಂದ ಶಾಲೆಯ ಗಂಡುಹುಡುಗರಿಗೂ ಲಸಿಕೆ ಹಾಕುತ್ತಿದ್ದಾರೆ. ನಮ್ಮಲ್ಲಿ ಮೊದಲು ಹುಡುಗಿಯರದು ಮುಗಿಯಲಿ. ಗಂಡಸರು ಸದ್ಯಕ್ಕೆ ಮಾಡಬಹುದಾದದ್ದು, ಹೆಂಡತಿಯನ್ನು ಮೋಟರ್‌ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬಿಟ್ಟು, ತಾವು ಹೊರಗೆ ಚಹಾ ಕುಡಿಯುತ್ತ ಅರ್ಧ ತಾಸು ಕಾಯುವುದು.